ಹುಣಸೆವ್ವನಿಗೆ ಉಡಿ ತುಂಬಿದ್ದು

ದಸರೆಯ ಬೆಳಿಗ್ಗೆ ದೀಪಾಲಿಯ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಅಂಗಳ ಸಾರಿಸಿ ರಂಗೋಲಿ ಹಾಕಿದ್ದಾಯಿತು, ಆ ರಂಗೋಲಿಯ ಮೇಲೆ ತಾನೇ ಓಡಾಡಿ ಅಳಿಸಿದ್ದಾಯಿತು, ಮತ್ತೆ ಹಾಕಿದ್ದಾಯಿತು. ಚೆಂಡು ಹೂವಿನ ಮಾಲೆ ಬಾಗಿಲಿಗೊಂದು, ಅಪ್ಪನ ಕಿರಾಣಿ ಅಂಗಡಿಯ ತಕ್ಕಡಿಗೊಂದು ಕಟ್ಟಿ, ಎಲ್ಲಕ್ಕಿಂತ ಉದ್ದದ್ದನ್ನು ಹಸಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಅದು ಮನೆ ತುಂಬಲು ಬರುತ್ತಿರುವ ಸೊಸೆಗೆ. ಸೊಸೆ ಎಂದರೆ, ಅಷ್ಟು ಹೊತ್ತಿಗೆ ಸಾಂಗಲಿಯ ಶೋರೂಮಿನಿಂದ ಹೊರಟು ಅವಳ ಊರು ಸಂಖದ ದಾರಿ ಹಿಡಿದಿದ್ದ ಒಂದು ಕೆಂಪು ಕಾರು.

ಹುಟ್ಟಿದಾಗಿನಿಂದ ದೀಪಾಲಿಯ ಪಾಲಿಗೆ ಬಂದದ್ದೆಲ್ಲ ಅಕ್ಕ ವಿದ್ಯಾವತಿ ಬಳಸಿ ಬಿಟ್ಟದ್ದು. ಅಕ್ಕನ ಪಾಟಿಚೀಲ, ಅಕ್ಕನ ಸೈಕಲ್ಲು, ಅಕ್ಕನ ಮದುವೆಯಾದ ಮೇಲೆ ಅಕ್ಕನ ಖೋಲಿ. ಹುಣ್ಣಿಮೆಯ ಚಂದ್ರನನ್ನು ಕೂಡ ಮೊದಲು ಅಕ್ಕ ನೋಡಿ ಮುಗಿಸಿ ಆಮೇಲೆ ತನಗೆ ಕೊಡುತ್ತಾಳೆಂದು ಸಣ್ಣವಳಿದ್ದಾಗ ನಂಬಿದ್ದಳು. ಈ ಕಾರು ಮಾತ್ರ ಹಾಗಲ್ಲ. ಸುತ್ತಲಿನ ಊರುಗಳ ಮದುಮಗಳಂದಿರಿಗೆ ಮೇಕಪ್ ಮಾಡುತ್ತ, ಇಕ್ಕಟ್ಟಿನ ಜೀಪುಗಳಲ್ಲಿ ಮೇಕಪ್ಪಿನ ಪೆಟ್ಟಿಗೆಯನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ತಿರುಗುತ್ತ, ತಾನೇ ಗಳಿಸಿ ತಾನೇ ಬಣ್ಣ ಆರಿಸಿದ್ದು. ಅವಳ ಬದುಕಿನಲ್ಲಿ ಮೊದಲ ಸಲ ಒಂದು ವಸ್ತು ಯಾರನ್ನೂ ಹಾಯ್ದು ಬರದೆ, ಇಡಿಯಾಗಿ, ನೇರ ಅವಳ ಹತ್ತಿರವೇ ಬರುತ್ತಿತ್ತು.

ಅದು ಹೇಗೆ ಬರಬೇಕು ಎಂಬುದನ್ನೂ ಅವಳೇ ಗೊತ್ತು ಮಾಡಿದ್ದಳು. ಎಡವಟ್ಟಾಗಿದ್ದೇ ಅಲ್ಲಿ.

ಅಪ್ಪನ ತಾಯಿ ಗೌರವ್ವ, ಮಕ್ಕಳೆಲ್ಲ 'ಆಯಿ' ಎನ್ನುವ ಮುದುಕಿ, ಮೊಮ್ಮಗಳನ್ನು ಬೆಳೆಸಿದ್ದು ಕಥೆಗಳ ಮೇಲೆ. ಹಾಲು ಒಲ್ಲೆನೆಂದರೆ ಒಂದು ಕಥೆ, ಜ್ವರ ಬಂದರೆ ಎರಡು. ಆ ಕಥೆಗಳಲ್ಲಿ ರಾಜರ ಸೊಸೆಯಂದಿರೆಲ್ಲ ಮುಚ್ಚಿದ ಮೇಣೆಯಲ್ಲಿಯೇ ಬರುತ್ತಿದ್ದರು. ಗಂಡನ ಮನೆಯ ಹೊಸ್ತಿಲ ಮುಂದೆ ಮುಸುಕು ಸರಿಸುವ ತನಕ ಯಾರೂ ಮುಖ ನೋಡುವಂತಿರಲಿಲ್ಲ. ಹಾಗಾಗಿ ಶೋರೂಮಿನ ಅನಿಲ ಫೋನು ಮಾಡಿ, “ಮ್ಯಾಡಂ, ಕಳಸೂದಕ್ಕಿಂತ ಮೊದ್ಲ ಒಮ್ಮಿ ಬಂದು ಗಾಡಿ ಸುತ್ತ ನೋಡಿ ಹೋಗ್ರಿ” ಎಂದಾಗ ದೀಪಾಲಿ ತಾನೇ ಮದುಮಗಳೇನೋ ಎಂಬಂತೆ ನಾಚಿಕೊಂಡಳು. “ಬ್ಯಾಡ್ರಿ. ನಮ್ಮ ಮನಿ ಬಾಗಲಾಗ ನೋಡ್ತೀನಿ. ಮುಸುಕ ಹಾಕೇ ಕಳಸ್ರಿ.”

ಗಾಡಿಗೆ ನಂಬರು ಇನ್ನೂ ಬಂದಿರಲಿಲ್ಲ. ನಂಬರಿಲ್ಲದ ಕಾರು ರಸ್ತೆಯಲ್ಲಿ ಓಡುವಂತಿಲ್ಲ, ದಸರೆಯ ಪೂಜೆ ತಪ್ಪುವಂತಿಲ್ಲ. ಕಡೆಗೆ ಕಾರನ್ನು ಲಾರಿಯ ಬೆನ್ನಿಗೇರಿಸಿ ತರುವುದು, ಪೂಜೆ ಮುಗಿಸುವುದು, ನಂಬರು ಬಂದ ಮೇಲೆ ಓಡಿಸುವುದು ಎಂದು ಮಾತಾಯಿತು. ಲಾರಿಯೇ ಮೇಣೆ! ದೀಪಾಲಿಗೆ ಆ ವಾರವಿಡೀ ನಿದ್ದೆಯೇ ಹತ್ತಿರಲಿಲ್ಲ.

ಲಾರಿ ಬಂತು. ಅದರ ಮೇಲೆ ಗುಲಾಬಿ ಬಣ್ಣದ ರೇಷ್ಮೆಯಂಥ ಬಟ್ಟೆ ಹೊದ್ದು, ನೆತ್ತಿಯ ಮೇಲೆ ಕಲ್ಲಂಗಡಿಯಷ್ಟು ದೊಡ್ಡ ರಿಬ್ಬನ್ ಹೂ ಮುಡಿದು, ಸೊಸೆ ಕೂತಿದ್ದಳು. ದುಂಡಪ್ಪ ಕಾಕಾ ಯಾರನ್ನೂ ಕೇಳದೆ ಬಿಳೂರಿನಿಂದ ಬ್ಯಾಂಜೋ ಪಾರ್ಟಿ ಕರೆಸಿದ್ದ. ಅದರ ಮುಖ್ಯಸ್ಥ ಸಂಭಾಜಿ ಡೋಲಿನ ಕೋಲು ಎತ್ತಿಕೊಂಡು, “ಸುರು ಮಾಡ್ಲೇನ್ರಿ?” ಎಂದ.

“ಏ ತಡಿಯೋ, ಮಾರಿ ತೋರಸೂ ಟೈಮಿಗಿ,” ಎಂದ ಕಾಕಾ.

ಅಂಗಳದ ಗೇಟಿನಲ್ಲಿ ಆಯಿ ತನ್ನ ಮದುವೆಯ ಕಾಲದ ಹಿತ್ತಾಳೆ ಸೇರಿಗೆ ಜೋಳ ತುಂಬಿ ಇಟ್ಟಿದ್ದಳು. ಹೊಸ ಸೊಸೆ ಬಲಗಾಲಿನಿಂದ ಅದನ್ನು ಒದ್ದು ಉರುಳಿಸಿ ಒಳಗೆ ಬರಬೇಕು. ಸೇರು ಉರುಳಿತೆಂದರೆ ಮುಗಿಯಿತು, ಅವಳು ಈ ಮನೆಯವಳು. ಆಮೇಲೆ ಅವಳ ಮೂಗು ಮೊಂಡಾದರೂ ನಮ್ಮದೇ, ಮಾತು ಒರಟಾದರೂ ನಮ್ಮದೇ. ಕಾರಿಗೆ ಕಾಲಿಲ್ಲದ್ದರಿಂದ ಮುಂದಿನ ಬಲಗಾಲಿ ಸಾಕೆಂದು ಆಯಿ ಮೊದಲೇ ತೀರ್ಪು ಕೊಟ್ಟಿದ್ದಳು.

ಕಾರು ಹಲಗೆಗಳ ಮೇಲಿಂದ ಮೆಲ್ಲಗೆ ಇಳಿದು ಗೇಟಿನ ಹೊರಗೆ ನಿಂತಿತು. ಟೈ ಕಟ್ಟಿಕೊಂಡು ಬಂದಿದ್ದ ಅನಿಲ ಒಂದು ಕಾಗದ ಮುಂದೆ ಹಿಡಿದ. “ಮ್ಯಾಡಂ, ಇಲ್ಲೊಂದ ಸಹಿ. ಗಾಡಿ ಚಲೋ ಸ್ಥಿತಿಯೊಳಗ ಮುಟ್ಟೇತಿ ಅಂತ.”

ದೀಪಾಲಿಗಿಂತ ಮೊದಲು ಕಾಕಾನೇ ಕಿಸೆಯಿಂದ ಪೆನ್ನು ತೆಗೆದು ಅವಳ ಕೈಗೆ ಹಿಡಿಸಿದ.

“ಏ ದುಂಡ್ಯಾ, ಪೆನ್ನ ಒಳಗ ಇಡು!” ಆಯಿ ಆರತಿ ತಟ್ಟೆಯ ಹಿಂದಿನಿಂದ ಗದರಿದಳು. “ಮಾರಿ ನೋಡದ ತಾಳಿ ಕಟ್ಟತಾರೇನ?”

ಅಪ್ಪ ಶ್ರೀಶೈಲಪ್ಪ ಒಂದು ತುದಿ ಹಿಡಿದ, ಕಾಕಾ ಇನ್ನೊಂದು ತುದಿ. ಬಟ್ಟೆ ಜಾರಿತು. ಎಳೆ ಬಿಸಿಲಿನಲ್ಲಿ ಕಾರಿನ ಮುಖ ಹೊಳೆದದ್ದೇ ತಡ, ನೆರೆದ ಹೆಂಗಸರು “ಯವ್ವಾ, ಕುಂಕುಮದ ಬಟ್ಟಲ ಇದ್ದಂಗ ಅದಾಳ!” ಎಂದರು. ಸಂಭಾಜಿಯ ಕೋಲು ಮೇಲೆದ್ದಿತು. ದೀಪಾಲಿ ಪ್ರದಕ್ಷಿಣೆ ಹಾಕುವವಳಂತೆ ಕಾರನ್ನು ಸುತ್ತಿದಳು. ಮೂತಿ, ಬಲಗೆನ್ನೆ, ಬೆನ್ನು... ಎಡಕ್ಕೆ ಬಂದಾಗ ನಿಂತಳು.

ಹಿಂದಿನ ಬಾಗಿಲಿನಲ್ಲಿ ರೊಟ್ಟಿಯಗಲದ ಒಂದು ತಗ್ಗು. ಅದರ ಸುತ್ತ ಬಣ್ಣ ಕೆತ್ತಿ ಬಿಳಿ ತಗಡು ಕಾಣುತ್ತಿತ್ತು. ಅದರ ಪಕ್ಕದ ಹಿಂದಿನ ದೀಪ ಒಡೆದು, ಒಂದು ಚೂರು ಗಾಜು ಬಿಟ್ಟರೆ ಬಾಯಿಯೆಲ್ಲ ಖಾಲಿ, ಒಂದೇ ಹಲ್ಲುಳಿದ ಮುದುಕಿಯಂತಿತ್ತು.

ಸಂಭಾಜಿಯ ಕೋಲು ಗಾಳಿಯಲ್ಲೇ ನಿಂತಿತು. “ಸುರು ಮಾಡ್ಲೇನ್ರಿ, ಬ್ಯಾಡೇನ್ರಿ?”

ಅಳಬೇಕಾದಲ್ಲಿ ನಗು ಉಕ್ಕಿಬರುವುದು ದೀಪಾಲಿಯ ಹುಟ್ಟುಗುಣ. ಅಕ್ಕನ ಗಂಡನ ಮನೆಯವರು ಅಕ್ಕನನ್ನು ಕರೆದೊಯ್ಯುವಾಗ ಇಡೀ ಓಣಿ ಅತ್ತರೆ ಇವಳು ನಕ್ಕು ನಕ್ಕು ಬಿಕ್ಕಳಿಸಿದ್ದಳು. ಈಗಲೂ ಅದೇ ಆಯಿತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಒಡೆದ ದೀಪದ ಕಡೆ ಬೆರಳು ಮಾಡಿ ನಕ್ಕೇ ನಕ್ಕಳು. ಅವಳ ನಗು ನೋಡಿ ಅನಿಲನಿಗೆ ಧೈರ್ಯ ಬಂತು.

“ಏನಿಲ್ರಿ ಮ್ಯಾಡಂ, ಸಣ್ಣ ಗೀರು. ನಮ್ಮ ವರ್ಕ್‌ಶಾಪಿನ್ಯಾಗ ಹಿಂಗ ಮಾಡಿ ಕೊಡ್ತಾರಂದ್ರ, ಎಲ್ಲಿತ್ತು ಅಂತ ನೀವ ಹುಡುಕಬೇಕು. ಮ್ಯಾಲ ಸೀಟ ಕವರ್ ಫ್ರೀ, ಕಾಲಮ್ಯಾಟ ಫ್ರೀ.”

“ಅದು ಗೀರಲ್ಲೋ ಮಾರಾಯ, ದೃಷ್ಟಿಬೊಟ್ಟು!” ಕಾಕಾ ಚಪ್ಪಾಳೆ ತಟ್ಟಿದ. ಈ ಶೋರೂಮಿನ ಗುರುತು ಹಚ್ಚಿಕೊಟ್ಟವನೇ ಅವನು, ಅವನ ಮರ್ಯಾದೆಯ ಪ್ರಶ್ನೆ. “ಇಷ್ಟ ಚಂದ ಗಾಡಿಗಿ ಮಂದಿ ಕಣ್ಣ ಬೀಳತೈತಿ ಅಂತ ಕಂಪನಿಯವ್ರ ಮುಂಗಡ ಹಚ್ಚಿ ಕಳಿಸ್ಯಾರ.”

“ದೃಷ್ಟಿಬೊಟ್ಟ ದಿನಾ ನಾ ಇಡ್ತೀನ್ರಿ ಕಾಕಾ. ಕಾಡಿಗಿಲೆ ಇಡ್ತಾರ, ಸುತ್ತಿಗಿಲೆ ಅಲ್ಲ,” ಎಂದಳು ದೀಪಾಲಿ ಬಿಕ್ಕುತ್ತ. ಆಮೇಲೆ ಅನಿಲನ ಕಡೆ ತಿರುಗಿದಳು. “ಮತ್ತ ನೀವು, ಮ್ಯಾಲ ಬಳದ ಮುಚ್ಚೂ ಧಂಧಾ ನಂದ್ರಿ. ನನಗ ಮಾಡಾಕ ಬಂದೀರಲ್ಲ!”

ಗುಂಪು ಗೊಳ್ಳೆಂದಿತು. ಆದರೆ ಅಪ್ಪ ನಗಲಿಲ್ಲ. ಅವನು ಜಗಳವೆಂದರೆ ಅಂಗಡಿಯ ಬಾಗಿಲು ಅರ್ಧ ಎಳೆಯುವ ಮನುಷ್ಯ. “ತಂಗಿ, ಹಬ್ಬದ ದಿನ ಮಂದಿ ಮುಂದ ಯಾಕ? ರಿಪೇರಿ ಮಾಡಿ ಕೊಡ್ತೀನಂತಾರಲ್ಲ. ಒಪ್ಪಿಕೊಂಡ ಬಿಡೂಣು.”

“ಒಪ್ಪಬೇಕ,” ಎಂದಳು ಆಯಿ. ಅವಳ ದನಿಯಲ್ಲಿ ನಗುವಿರಲಿಲ್ಲ. “ದಸರಿ ದಿನ ಬಾಗಲಿಗಿ ಬಂದ ಲಕ್ಷ್ಮೀನ ಹೊಳ್ಳಿ ಕಳಸೂದ? ನಾ ಬದಕಿರೂತನಾ ಆಗಂಗಿಲ್ಲ.” ಅವಳು ಆರತಿಯ ಬತ್ತಿಗೆ ಕಡ್ಡಿ ಗೀರಿದಳು.

ದೀಪಾಲಿಯ ಬಿಕ್ಕಳಿಕೆ ನಿಂತುಹೋಯಿತು. ಆರತಿ ಎತ್ತಿದರೆ ಕಾರು ಮುಂದೆ ಸರಿಯುತ್ತದೆ, ಸೇರು ಉರುಳುತ್ತದೆ. ಆಮೇಲೆ ಈ ತಗ್ಗು, ಈ ಹಲ್ಲುಮುರಿದ ದೀಪ, ಅದರ ಮೇಲೆ ಬಳಿಯುವ ಬಣ್ಣ, ಎಲ್ಲ ಅವಳವೇ. ಮೊದಲ ಸಲ ನೇರ ಬಂದದ್ದೂ ಯಾರದೋ ಏಟು ತಿಂದೇ ಬಂದ ಹಾಗಾಗುತ್ತದೆ. ಅಪ್ಪನೊಂದಿಗೆ ವಾದ ಹೂಡಬಹುದು, ಕಾಕಾನ ಬಾಯಿ ಮುಚ್ಚಿಸಬಹುದು. ಆಯಿಯ ಆರತಿಯನ್ನು ತಡೆಯುವುದು ಹೇಗೆ?

ಅವಳು ಓಡಿಹೋಗಿ ಆಯಿಯ ಕೈ ಹಿಡಿದಳು. “ಆಯಿ, ಹುಣಸಿಗಿಡದ ದೆವ್ವಿ ಕಥಿ ಹೆಂಗ ಐತಿ?”

“ಈಗೇನ ಕಥಿನ ನಿನಗ!”

“ಅಲ್ಲ, ಮೇಣೆ ಹೊರೂ ಬೋಯಿಗೋಳ ಹುಣಸಿಗಿಡದ ಕೆಳಗ ಮಲಗಿದ್ರಲ್ಲ, ಮುಂದ ಏನಾತು ಅಂತ ಮರ್ತೇನಿ. ಹುಲಿ ಬಂತೇನ?”

“ಹುಲಿ ಎಲ್ಲಿಂದ ಬರ್ತೈತಿ!” ಆಯಿಗೆ ಕಥೆ ತಪ್ಪು ಹೇಳಿದರೆ ಮೈ ಉರಿಯುತ್ತಿತ್ತು. ಆರತಿ ತಟ್ಟೆಯನ್ನು ಕೈಯಲ್ಲಿ ಹಿಡಿದಂತೆಯೇ ಸುರು ಮಾಡಿದಳು. “ಗಿಡದ ಮ್ಯಾಲ ಒಂದ ದೆವ್ವಿ ಇತ್ತು. ಅದು ಇಳದ ಬಂದು, ನಿದ್ದಿಗಣ್ಣಿನ ರಾಜಕುಮಾರೀನ ಎತ್ತಿ ಟೊಂಗಿ ಮ್ಯಾಲ ಕುಂಡ್ರಿಸಿ, ತಾ ಮೇಣೆದಾಗ ಸೆರಗ ಹೊಚಗೊಂಡ ಕುಂತ್ತು. ಅರಮನಿಗಿ ಬಂದ್ರು. ಅತ್ತಿ ಆರತಿ ತಂದ್ಲು, ಸೇರ ಇಟ್ಲು. ಸೊಸಿ ಕಾಲ ಹೊರಗ ಹಾಕಿದ್ರ, ಪಾದ ಹಿಂದಮುಂದ!” ಹೆಂಗಸರು ಕಾರಿನ ಗಾಲಿಯತ್ತ ನೋಡಿದರು. “ಅತ್ತಿ ಎದಿ ಧಸಕ್ಕಂತು. ಕರಕೊಂಡ್ರ ದೆವ್ವಿ ಮನಿ ಸೊಸಿ ಆಗತೈತಿ. ಹೊಳ್ಳಿ ಕಳಿಸಿದ್ರ ಬಾಗಲಿಗಿ ಬಂದ ಹೆಣ್ಣಮಗಳ್ನ ಕಳಿಸಿದ ದೋಷ. ಆವಾಗ ಆ ಶ್ಯಾಣೆ ಹೆಣಮಗಳು ಏನ ಮಾಡಿದ್ಲಪಾ ಅಂದ್ರ, ಬಗ್ಗಿ ಸೇರ ಎತ್ತಿ ಬಾಜೂಕ ಇಟ್ಟು, 'ತಾಯೀ, ನೀ ನಮ್ಮ ಸೊಸಿ ಅಲ್ಲ, ನಮ್ಮ...'”

ಆಯಿಯ ಮಾತು ಅಲ್ಲಿಗೇ ನಿಂತಿತು. ಅವಳು ಸೇರಿನತ್ತ ನೋಡಿದಳು, ಕಾರಿನತ್ತ ನೋಡಿದಳು, ಕಡೆಗೆ ಮೊಮ್ಮಗಳತ್ತ ನೋಡಿದಳು.

“ಬೀಗತಿ,” ಎಂದು ದೀಪಾಲಿ ಮೆಲ್ಲಗೆ ಮುಗಿಸಿದಳು. “ಉಂಡು, ಉಡಿ ತುಂಬಿಸಿಕೊಂಡ ಹೊಳ್ಳಿ ಹೋಗೂ ಬೀಗತಿ. ಹೌದಿಲ್ಲೋ, ಆಯಿ?”

ನಗುವಿಗೆ ಆಯಿಯ ಹೊಟ್ಟೆ ಕುಲುಕಿತು, ಭುಜ ಕುಲುಕಿತು, ಆರತಿ ತಟ್ಟೆಯ ಅರಿಷಿಣದ ನೀರು ತುಳುಕಿತು. “ನನ್ನ ಕಥಿ ನನಗ ಹೊಳ್ಳಿಸಿ ಹೊಡದ್ಲಲ್ರೇ ಈಕಿ! ಇದಕ್ಕಂತ ಹಾಲ ಕುಡಿಸಿದ್ನೇನ?” ಎನ್ನುತ್ತ ಬಗ್ಗಿ, ಜೋಳದ ಸೇರನ್ನು ಎರಡೂ ಕೈಯಿಂದ ಎತ್ತಿ ಕಟ್ಟೆಯ ಮೇಲೆ ಇಟ್ಟುಬಿಟ್ಟಳು.

ಹಬ್ಬವೆಂದು ನೋಡದೆ ದೀಪಾಲಿ ಜತ್ತದ ಛಾಯಾ ವಕೀಲರಿಗೆ ಫೋನು ಹಚ್ಚಿದಳು. ಹೋದ ವರ್ಷ ಛಾಯಾಳ ಮದುವೆಯ ಮೇಕಪ್ ಇವಳದೇ. ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು, ಹೇಳುವಷ್ಟರಲ್ಲಿ ಮತ್ತೆ ನಗು.

“ಅಗ, ಮೊದ್ಲ ನಗೂದ ಬಂದ್ ಮಾಡು,” ಎಂದಿತು ಫೋನು. “ಕೇಳು. ಎಲ್ಲಾ ಕಡಿಂದ ಫೋಟೋ ತಗಿ, ವಿಡಿಯೋ ತಗಿ, ಲಾರಿನೂ ಬರ್ಲಿ ಅದ್ರಾಗ. ಸಹಿ ಮಾಡೂದಿದ್ರ, ಏನೇನ ಮುರದೈತಿ ಅಂತ ಅದ ಕಾಗದದ ಮ್ಯಾಲ ಬರದ ಮಾಡು. ಗಾಡಿ ಓಡಸಬ್ಯಾಡ, ಓಡಿಸಿದ್ರ ಒಪ್ಪಿಕೊಂಡ್ಲು ಅಂತಾರ. ಮತ್ತ ಆ ಗಾಡಿಗಿ ನಂಬರ ಹಾಕಿಸಗೊಡಬ್ಯಾಡ. ನಿನ್ನ ಹೆಸರಿಲೆ ನೋಂದಣಿ ಆತಂದ್ರ ಬದಲಿ ತಗೊಳ್ಳೂದು ದೊಡ್ಡ ತ್ರಾಸ.”

“ವಕೀಲ ಮ್ಯಾಡಂ, ನಾವು ಮೊದ್ಲ ನೋಡಾಕ ಕರದಿದ್ವಿ. ಇವ್ರ ಬರ್ಲಿಲ್ರಿ,” ಎಂದು ಅನಿಲ ಬಾಯಿ ಹಾಕಿದ.

ದೀಪಾಲಿಯ ಕಿವಿ ಕೆಂಪಾದವು.

“ಹೋಗದ ಇದ್ದದ್ದು ಈಕಿ ಹುಚ್ಚತನ, ಹೌದು. ಆದ್ರ ನೋಡದ ಇದ್ದದ್ದನ್ನ ಒಪ್ಪಿಕೊಂಡಂಗ ಆಗಂಗಿಲ್ಲ. ಬಂದ ಕೂಡ್ಲೆ ನೋಡ್ಯಾಳ, ನೋಡಿದ ಕೂಡ್ಲೆ ಹೇಳ್ಯಾಳ. ಸಾಕು. ದೀಪಾಲಿ, ಬದಲಿ ಗಾಡಿ ಕೇಳಬಹುದು, ರೊಕ್ಕ ವಾಪಸ್ ಕೇಳಬಹುದು, ಇಲ್ಲಾ ರಿಪೇರಿ ಮಾಡಿಸಿ ಬೆಲಿ ಇಳಸ್ರಿ ಅನ್ನಬಹುದು. ನಿನಗ ಯಾವುದ ಬೇಕು?”

“ಬದಲಿ,” ಎಂದಳು ದೀಪಾಲಿ. “ಯಾರೂ ಹೊಡೀಲಾರದ್ದು.”

“ಹಂಗಾದ್ರ ಇವತ್ತ ಈಮೇಲ್ ಹಾಕು. ಬಾಯಿಮಾತಿಗಿ ಬೆಲಿ ಇಲ್ಲ. ಕೇಳದಿದ್ರ ಗ್ರಾಹಕರ ಹೆಲ್ಪ್‌ಲೈನ್, ಒಂದ ಒಂಬತ್ತ ಒಂದ ಐದು. ಅದಕ್ಕೂ ಬಗ್ಗದಿದ್ರ ಸಾಂಗ್ಲಿ ಗ್ರಾಹಕ ಆಯೋಗ ಐತಿ, ನಾ ಅದೀನಿ. ಹೋಳಿಗಿ ಎತ್ತಿಡು.”

ಅನಿಲ ಹಿಡಿದ ಕಾಗದದ ಮೇಲೆ ದೀಪಾಲಿ ತಗ್ಗು, ಕೆತ್ತಿದ ಬಣ್ಣ, ಒಡೆದ ದೀಪ ಎಲ್ಲ ಬರೆದು ಸಹಿ ಮಾಡಿ, ಅದರ ಫೋಟೋ ತೆಗೆದುಕೊಂಡಳು. ಲಾರಿಯವನಿಗೆ ಬೇರೆ ಕಡೆ ಬಾಡಿಗೆಯಿತ್ತು, ಖಾಲಿಯಾಗಿಯೇ ಹೋದ. ಕಾರನ್ನು ಗೇಟಿನ ಹೊರಗಿನ ಬೇವಿನಮರದ ನೆರಳಿಗೆ ನೂಕಿ ನಿಲ್ಲಿಸಿದರು. ಆಯಿ ಅದಕ್ಕೆ ಮತ್ತೆ ಮುಸುಕು ಹೊದಿಸಿ, ಗಾಲಿಗಳಿಗೆ ನೀರು ಹಾಕಿ ಕಾಲು ತೊಳೆದು, ಎಲೆಯಲ್ಲಿ ಹೋಳಿಗೆ ತುಪ್ಪ ಬಡಿಸಿ ಮುಂದಿಟ್ಟಳು. “ಉಣ್ಣವ್ವಾ ಹುಣಸೆವ್ವ, ನಾಚಬ್ಯಾಡ,” ಎಂದಳು. ಹೆಸರು ಅಂಟಿಕೊಂಡಿತು.

“ಈಗಾರ ಸುರು ಮಾಡ್ಲೇನ್ರಿ?” ಎಂದ ಸಂಭಾಜಿ ದೀನನಾಗಿ.

“ಬೀಗತಿ ಬಂದಾಳ, ಬಾರಿಸಪಾ,” ಎಂದಳು ಆಯಿ. ಬ್ಯಾಂಜೋ ಭೋರ್ಗರೆಯಿತು.

ಸಂಜೆ ಬನ್ನಿ ಕೊಡಲು ಬಂದವರೆಲ್ಲ “ಬಂಗಾರ ತಗೊಂಡು ಬಂಗಾರದಂಗ ಇರೂಣು” ಎನ್ನುತ್ತ ಮನೆಯವರ ಕೈಗೆ ಎಲೆ ಹಾಕಿ, ಹೊರಗೆ ಹೋಗುವಾಗ ಹುಣಸೆವ್ವನ ಬಾನೆಟ್ಟಿನ ಮೇಲೂ ಒಂದೊಂದು ಎಲೆ ಇಟ್ಟರು. ಎಲ್ಲರಿಗೂ ಆಯಿ ಕಥೆ ಹೇಳಿದಳು. ಹೇಳಿದಷ್ಟೂ ಕಥೆ ಕೊಬ್ಬಿತು. ದೆವ್ವಿಗೆ ಒಂದೇ ಹಲ್ಲು ಬಂತು. ಮಲಗಿದ ಬೋಯಿಗಳಿಗೆ ಟೈ ಬಂದವು. ಹುಣಸೆಮರ ಕಡೆಕಡೆಗೆ ಸಾಂಗಲಿಯ ರಸ್ತೆಯಲ್ಲಿ, ಇಂಥ ಶೋರೂಮಿನ ಎದುರಿಗೇ ಬೆಳೆದು ನಿಂತಿತು.

ಆ ಹೊತ್ತಿಗೆ ದೀಪಾಲಿ ಬೇವಿನ ಕಟ್ಟೆಯ ಮೇಲೆ ಕೂತು ಈಮೇಲು ಬರೆಯುತ್ತಿದ್ದಳು. ಮೊದಲು ಛಾಯಾಳಿಗೆ ಕಳಿಸಿದಳು. 'ಕೆಂಪು ಮೇಣೆಯಲ್ಲಿ ಬರಬೇಕಾದವಳಿಗಾಗಿ ನಾನು ಹುಟ್ಟಿದಾಗಿನಿಂದ ಕಾದಿದ್ದೆ' ಎಂದು ಅದು ಶುರುವಾಗುತ್ತಿತ್ತು. ಕೂಡಲೇ ಉತ್ತರ ಬಂತು: 'ಮೇಣೆ ತಗಿ. ಹುಟ್ಟಿದ್ದ ತಗಿ. ತಾರೀಖ ಹಾಕು, ಫೋಟೋ ಹಾಕು, ಏನ ಬೇಕು ಅದನ್ನ ಒಂದ ಸಾಲಿನ್ಯಾಗ ಬರಿ.' ದೀಪಾಲಿ ನಿಟ್ಟುಸಿರಿಟ್ಟು ಎಲ್ಲ ತೆಗೆದಳು. ಉಳಿದದ್ದು ಬಹಳ ಬಡಕಲಾಗಿ, ಆದರೆ ಬಹಳ ಗಟ್ಟಿಯಾಗಿ ಕಂಡಿತು.

ಶೋರೂಮಿನಿಂದ ಉತ್ತರ ಬರಲಿಲ್ಲ. ಅನಿಲ ಬಂದ. 'ರಿಪೇರಿಗೆ ಒಪ್ಪಿದ್ದೇನೆ' ಎಂಬ ಕಾಗದಕ್ಕೆ ಸಹಿ ತೆಗೆದುಕೊಂಡು ಬಾ ಎಂದು ಅವನ ಮ್ಯಾನೇಜರು ಅಟ್ಟಿದ್ದ. ಆಯಿ ಅವನನ್ನು ಬಾಯಿ ತೆರೆಯಗೊಡಲಿಲ್ಲ. “ಬೀಗತಿ ಕಡಿಯಾವ ನೀ, ಮೊದ್ಲ ಉಣ್ಣು.” ಮತ್ತೊಮ್ಮೆ ಬಂದ, ಆಗಲೂ ಉಂಡ. ಮತ್ತೂ ಒಂದು ಸಲ ಬಂದಾಗ ಟೈ ಸಡಿಲಿಸಿ ಅಡಿಗೆಮನೆಯ ಬಾಗಿಲಲ್ಲೇ ಕೂತ. ಅಂದು ಶೇಂಗಾ ಹೋಳಿಗೆ ಮುರಿಯುತ್ತ ತಾನಾಗಿಯೇ ಹೇಳಿದ:

“ಆಯಿ, ಖರೇ ಹೇಳ್ತೀನಿ. ಮ್ಯಾಡಂ ಮುಸುಕ ಹಾಕಿ ಕಳಸ್ರಿ ಅಂದಿದ್ರಲ್ಲ, ಹಾಕಿದ ಮ್ಯಾಲ ಲಾರಿಗಿ ಏರಿಸಿದ್ವಿ. ದಸರಿ ಗದ್ದಲ. ಲಾರಿ ಹಿಂದ ತಗೊಳ್ಳೂವಾಗ ಗಾಡಿ ಗೇಟಿನ ಕಂಬಕ್ಕ ತಾಗೇತಿ. ಬಟ್ಟಿ ಮ್ಯಾಗಿಂದ ಏನ ಕಾಣಬೇಕ್ರಿ?”

“ಬೋಯಿಗೋಳ ಮಲಗಿದ್ರು ಅನ್ನು,” ಎಂದಳು ಆಯಿ, ಮತ್ತೊಂದು ಹೋಳಿಗೆ ಹಾಕುತ್ತ.

“ಹೌದ್ರಿ, ಮಲಗಿದ್ವಿ.”

ಅದನ್ನೇ ನಿಮ್ಮ ಮ್ಯಾನೇಜರಿಗೆ ಬರೆದು ಕಳಿಸು ಎಂದು ದೀಪಾಲಿ ಹೇಳಿದಳು. ಅನಿಲ ತುಸು ಹೊತ್ತು ತಲೆ ಕೆರೆದುಕೊಂಡು, ಕೈ ತೊಳೆದು, ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಟೈಪು ಮಾಡಿದ. ಅವಳೂ ಅಂದೇ ಹೆಲ್ಪ್‌ಲೈನಿಗೆ ಫೋನು ಮಾಡಿ ದೂರು ದಾಖಲಿಸಿದಳು.

ಆದರೂ ದಿನಗಳು ಹೋದವು. ಉಟಗಿಯ ಒಂದು ನಿಶ್ಚಯದ ಕಾರ್ಯಕ್ಕೆ ಹೊಸ ಕಾರಿನಲ್ಲೇ ಬರುತ್ತೇನೆಂದು ಹೇಳಿಕೊಂಡು ತಿರುಗಿದ್ದ ದೀಪಾಲಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಜೀಪಿನಲ್ಲಿ ಕೂತಳು. ಎದುರಿಗಿದ್ದ ಮಾಯಕ್ಕ, ಕುರಿ ಸಂತೆಯಿಂದ ಹೊರಟವಳು, ಮೊಳಕೈಯಿಂದ ತಿವಿದಳು. “ಮನಿ ಮುಂದ ಹೊಸಾ ಕಾರ್ ನಿಂತೈತಂತ. ನೀ ಯಾಕವಾ ನಮ್ಮ ಕೂಡ ಒತ್ತಗೊಂಡ ಕುಂತಿ?”

“ಅಕಿ ಬೀಗತಿ ಅದಾಳ್ರಿ ಮಾಯಕ್ಕ. ಬೀಗತಿಗಿ ಕೆಲಸಾ ಹಚ್ಚಬಾರದು.”

ಜೀಪು ಉಟಗಿ ಮುಟ್ಟುವ ತನಕ ನಕ್ಕಿತು. ದೀಪಾಲಿಯೂ ನಕ್ಕಳು. ಆದರೆ ಸಂಜೆ ಮರಳಿ ಬಂದು, ಬೆನ್ನು ನೋಯುತ್ತ ಬೇವಿನಮರದ ಹತ್ತಿರ ನಿಂತಾಗ ನಗು ಬರಲಿಲ್ಲ. ಕೀಲಿ ದೇವರ ಜಗಲಿಯ ಮೇಲಿತ್ತು. ಒಂದೇ ಒಂದು ಸಹಿ ಮಾಡಿದರೆ ನಂಬರು ಬರುತ್ತದೆ, ಬಂದ ದಿನವೇ ಓಡಿಸಬಹುದು. ತಗ್ಗು ಎಡಕ್ಕಿದೆ, ಓಡಿಸುವವಳು ಬಲಕ್ಕೆ ಕೂತಿರುತ್ತಾಳೆ, ಕಾಣುವುದೂ ಇಲ್ಲ. ಅವಳು ಮುಸುಕು ಸರಿಸಿ ತಗ್ಗಿನೊಳಗೆ ಅಂಗೈ ಇಟ್ಟಳು. ಸರಿಯಾಗಿ ಕೂತಿತು.

“ನಿಂದೇನ ತಪ್ಪಲ್ಲ ಹುಣಸೆವ್ವ,” ಎಂದಳು. “ಆದ್ರ ಹಳೇದಕ್ಕ ಹ್ಞೂಂ ಅಂದು ಅಂದು ನನಗ ರೂಢಿ ಆಗೇತಿ. ಈ ಸಲ ಅನ್ನಂಗಿಲ್ಲ.” ಮುಸುಕು ಎಳೆದು, ಕೀಲಿಯ ಕಡೆ ನೋಡದೆ ಹೋಗಿ ಮಲಗಿದಳು.

ಮರುದಿನ ಬಂತು ಫೋನು. ಶೋರೂಮಿನ ಮ್ಯಾನೇಜರ್ ಅಪ್ಪಾಸಾಹೇಬ, ಖುದ್ದು.

“ಮ್ಯಾಡಂ, ನಿಮ್ಮ ಈಮೇಲ್ ನೋಡಿದ್ವಿ. ಹೆಲ್ಪ್‌ಲೈನಿಂದೂ ಬಂದೈತಿ. ನಮ್ಮ ಹುಡುಗ ಬರದದ್ದೂ ನೋಡಿದ್ವಿ. ಅದೆಲ್ಲಾ ಇರ್ಲಿ. ಆದ್ರ ನಿಮ್ಮ ಅಜ್ಜಿ ಏನ ಕಥಿ ಹೇಳಾಕತ್ತಾರ್ರಿ? ಜತ್ತ ಬಸ್‌ಸ್ಟ್ಯಾಂಡಿನ್ಯಾಗ ಅದ ಮಾತಂತ. ನಿನ್ನೆ ಇಬ್ಬರು ಗಿರಾಕಿ ಬಂದು, 'ನಮ್ಮ ಗಾಡಿಗಿ ಪಾದ ಹಿಂದಮುಂದ ಇಲ್ಲಲ್ರಿ?' ಅಂತ ಕೇಳಿದ್ರು. ದಯಮಾಡಿ ಆ ಕಥಿಯೊಳಗಿಂದ ನಮ್ಮ ಶೋರೂಮ್ ತಗೀರಿ.”

“ತಗೀಬಹುದ್ರಿ ಸಾಹೇಬ್ರ,” ಎಂದಳು ದೀಪಾಲಿ, ತುಟಿ ಕಚ್ಚಿಕೊಂಡು. “ಆದ್ರ ಕಥಿ ಮುಗಿಬೇಕಲ್ರಿ. ಖರೇ ಸೊಸಿ ಬರೂತನಾ ಆಯಿ ಹೇಳ್ಕೋತ ಇರತಾಳ.”

ಆ ಕಡೆ ಉದ್ದನೆಯ ಉಸಿರು ಕೇಳಿಸಿತು. “ಅದ ಬಣ್ಣದ್ದು ಒಂದ ಬಂದೈತಿ. ಬಂದು ನೋಡ್ರಿ.”

“ನೋಡ್ತೀವ್ರಿ,” ಎಂದಳು ದೀಪಾಲಿ. “ಈ ಸಲ ಚಂದಾಗಿ ನೋಡ್ತೀವಿ.”

ಹೆಣ್ಣು ನೋಡುವ ಶಾಸ್ತ್ರಕ್ಕೆ ಆಯಿ ಇಳಕಲ್ ಸೀರೆ ಉಟ್ಟು ಸಾಂಗಲಿಗೆ ಬಂದಳು. ಕಾರನ್ನು ಶೋರೂಮಿನ ದೀಪದಡಿ ನೋಡಲು ಒಪ್ಪದೆ ಹೊರಗೆ ಬಿಸಿಲಿಗೆ ತರಿಸಿದಳು. ನಡೆಸಿ ತೋರಿಸಿ ಎಂದಳು, ಅನಿಲ ಹಿಂದೆ ಮುಂದೆ ಓಡಿಸಿದ. ಹಾಡಿಸಿ ಎಂದಳು, ಹಾರ್ನು ಬಾರಿಸಿದ. ಕಣ್ಣು ಮಿಟುಕಿಸಿತು, ಗಾಜು ಒರೆಸಿಕೊಂಡಿತು, ಬಾನೆಟ್ಟು ತೆರೆದಾಗ ಆಯಿ ಬಗ್ಗಿ, “ಹಲ್ಲ ಎಲ್ಲಾ ಅದಾವಲ್ಲ?” ಎಂದಳು. ದೀಪಾಲಿ ಎಡಗಡೆ, ಬಲಗಡೆ, ಹೊಟ್ಟೆಯ ಕೆಳಗೆ, ಎಲ್ಲ ದೀಪ, ಎಲ್ಲ ಬಾಗಿಲು ಬೆರಳಾಡಿಸಿ ನೋಡಿದಳು. ಎಲ್ಲಿಯೂ ಏನೂ ಇರಲಿಲ್ಲ. ಏನೂ ಇಲ್ಲದ್ದೂ ಇಷ್ಟು ಚಂದವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆಯೇ ಸಹಿ, ಆಮೇಲೆಯೇ ನೋಂದಣಿ.

ನಂಬರು ಬಂದ ದಿನ ದೀಪಾಲಿ ತಾನೇ ಓಡಿಸಿಕೊಂಡು ಊರಿಗೆ ಬಂದಳು. ಮುಸುಕಿಲ್ಲ, ಕಿಟಕಿಗಳೆಲ್ಲ ತೆರೆದು, ಪಕ್ಕದಲ್ಲಿ ಕೂತ ಆಯಿ ದಾರಿಯ ಊರೂರಿಗೂ ಕೈ ಬೀಸುತ್ತಿದ್ದಳು. ಹಿಂದೆಯೇ ಖಾಲಿ ಲಾರಿ, ಹುಣಸೆವ್ವನನ್ನು ಒಯ್ಯಲು.

ಮೊದಲು ಬೀಗತಿಯ ಬೀಳ್ಕೊಡುಗೆ. ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಆಯಿ ಕಾರಿನ ಡಿಕ್ಕಿ ತೆರೆಸಿ, ಅದರೊಳಗೆ ಖಣದ ಕುಪ್ಪಸ ಹಾಸಿ, ತೆಂಗಿನಕಾಯಿ, ಅಕ್ಕಿ, ಉತ್ತುತ್ತಿ, ಅರಿಷಿಣದ ಕೊಂಬು ಇಟ್ಟು ಉಡಿ ತುಂಬಿದಳು. ಒಡೆದ ದೀಪಕ್ಕೆ ಕುಂಕುಮ ಹಚ್ಚಿದಳು. “ಹೋಗಿ ಬಾರವ್ವ. ಹಲ್ಲ ಕಟ್ಟಿಸ್ಕೋ.” ಎಷ್ಟು ಮಾತಿಗೂ ಕರಗದ ದುಂಡಪ್ಪ ಕಾಕಾ ಆಗ ಟವೆಲಿನಿಂದ ಮೂಗು ಒರೆಸಿಕೊಂಡ. ಅಪ್ಪ ಲಾರಿಯ ತನಕ ಹೋಗಿ ಕೈ ಮುಗಿದು ಬಂದ. ದೀಪಾಲಿಗೆ ನಗು ಬರಲಿಲ್ಲ, ನೆಟ್ಟಗೆ ಅಳುವೇ ಬಂತು, ಅದು ಅವಳಿಗೇ ಆಶ್ಚರ್ಯವಾಯಿತು.

ಕಣ್ಣೊರೆಸಿಕೊಂಡು ಹೊಸ ಕಾರಿನಲ್ಲಿ ಕೂತಳು. ಗೇಟಿನಲ್ಲಿ ಜೋಳ ತುಂಬಿದ ಹಿತ್ತಾಳೆ ಸೇರು. ಆರತಿ ಎತ್ತಿದ ಆಯಿ. ಕೋಲು ಎತ್ತಿದ ಸಂಭಾಜಿ.

“ಮೆಲ್ಲಕ ತಂಗಿ, ತುಸು ತಾಗಿಸಿದ್ರ ಸಾಕು,” ಎಂದ ಅಪ್ಪ.

ತುಸುವೇ ತಾಗಿಸಬೇಕೆಂದಿದ್ದಳು. ಆದರೆ ಕಣ್ಣು ಒದ್ದೆ, ಕಾಲು ನೆಲಕ್ಕೆ ಹತ್ತದ ದಿನ. ಕಾರು ಟಣ್ಣನೆ ಮುಂದೆ ಜಿಗಿಯಿತು. ಸೇರು ಉರುಳಿ, ಜೋಳ ಚಿಮ್ಮಿ, ಗಾಲಿಯ ಕೆಳಗೆ ಕರ್ರೆಂದು ಏನೋ ನೆಗ್ಗಿದ ಸದ್ದು. ಕಾರು ಅಂಗಳದೊಳಗೆ ಬಂದು ನಿಂತಿತ್ತು. ಅದರ ಮೈಗೆ ಒಂದು ಗೀರೂ ಇಲ್ಲ. ಅದರ ಹಿಂದೆ, ಆಯಿಯ ಮದುವೆಯ ಸೇರು ಅಪ್ಪಚ್ಚಿಯಾಗಿ ರೊಟ್ಟಿಯಂತೆ ಬಿದ್ದಿತ್ತು.

ಸಂಭಾಜಿಯ ಕೋಲು ಮತ್ತೆ ಗಾಳಿಯಲ್ಲಿ ನಿಂತಿತು.

ದೀಪಾಲಿ ಬಾಗಿಲು ತೆರೆದು ಓಡಿಬಂದು, ಆ ಹಿತ್ತಾಳೆ ರೊಟ್ಟಿಯನ್ನು ಎತ್ತಿ ಎದೆಗವಚಿಕೊಂಡಳು. “ಆಯಿ... ಬದಲಿ ಸೇರ ಕೊಡ್ಲ್ಯಾ? ರೊಕ್ಕ ಕೊಡ್ಲ್ಯಾ? ಇಲ್ಲಾ ರಿಪೇರಿ...”

ಆಯಿ ಅದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ, ಬಿಸಿಲಿಗೆ ಹಿಡಿದು ನೋಡಿದಳು. ಅವಳ ಹೊಟ್ಟೆ ಕುಲುಕತೊಡಗಿತ್ತು.

“ಅದನ್ನ ಹಿಂಗ ನಿಂತ ಹೇಳೂದಲ್ಲ. ಮೊದ್ಲ ನನ್ನ ಬಿಳೂರತನಾ ಕರಕೊಂಡ ನಡಿ, ನನ್ನ ತಂಗಿಗಿ ಕಾರ್ ತೋರಸಬೇಕು. ಯಾವುದ ಬೇಕು ಅಂತ ದಾರ್ಯಾಗ ವಿಚಾರ ಮಾಡ್ತೀನಿ.” ನೆಗ್ಗಿದ ಸೇರನ್ನು ಸೆರಗಿನಲ್ಲಿ ಸುತ್ತಿಕೊಂಡು, ಹೊಸ ಸೊಸೆಯ ಮುಂದಿನ ಸೀಟಿನಲ್ಲಿ ಹೋಗಿ ಕೂತಳು. “ಏ ಸಂಭಾಜಿ, ಏನ ನೋಡ್ತಿ? ಸುರು ಮಾಡೋ!”